ನಾನು ನೀಲಿ ತುಂಬಿದ ಜಾಗ

ಆಗ ನಮ್ಮೂರಲ್ಲಿ ಹೊತ್ತು ತಿಳಿಯಲು ಗಡಿಯಾರಕ್ಕಿಂತ ಹೊಳೆಯನ್ನು ನೋಡುವವರೇ ಜಾಸ್ತಿ. ಅಘನಾಶಿನಿ ಇಳಿಯತೊಡಗಿದರೆ ಹೆಂಗಸರೆಲ್ಲ ಒಲೆಯ ಮೇಲಿನದನ್ನು ಹಾಗೇ ಬಿಟ್ಟು, ಸೀರೆ ಎತ್ತಿ ಕಟ್ಟಿ, ಬುಟ್ಟಿ ಹಿಡಿದು ಹೊರಡುತ್ತಿದ್ದರು. ಕಡಲು ಹತ್ತಿರವಾದ್ದರಿಂದ ನಮ್ಮ ಹೊಳೆಗೂ ಭರತ, ಇಳಿತ ಉಂಟು. ನೀರು ಪೂರ್ತಿ ಇಳಿದಾಗ ನಮ್ಮ ದಡದ ಬುಡದಲ್ಲೇ ಒಂದು ಕೆಸರು ದಿಬ್ಬ ಮೇಲೇಳುತ್ತಿತ್ತು. ಅದರಲ್ಲಿ ಕಾಲಾಡಿಸಿದರೆ ಸಾಕು, ಬೆರಳಿಗೆ ಬಳಚು ಎಂಬ ಚಿಪ್ಪುಮೀನು ತಾಗುತ್ತಿತ್ತು. ಅಜ್ಜಿ ಕಾಯಿತುರಿ ಹುರಿದು ಬಳಚಿನ ಸುಕ್ಕ ಮಾಡಿದಳೆಂದರೆ ಕೇರಿಯ ಬೆಕ್ಕುಗಳೆಲ್ಲ ನಮ್ಮ ಅಂಗಳದಲ್ಲಿರುತ್ತಿದ್ದವು.

ಆ ದಿಬ್ಬಕ್ಕೆ ಒಂದು ಹೆಸರಿತ್ತು. ಆದರೆ ದಿಬ್ಬದ ಮೇಲೆ ನಿಂತಾಗ ಮಾತ್ರ ಅದನ್ನು ಹೇಳಬಹುದಿತ್ತು, ದಡಕ್ಕೆ ಬಂದ ಮೇಲೆ ಬಾಯಿ ಮುಚ್ಚಬೇಕು. ಹೊರಗಿನವರ ಕಿವಿಗೆ ಬಿದ್ದರೆ ಬಳಚು ಆ ಜಾಗವನ್ನೇ ಬಿಟ್ಟು ಹೋಗುತ್ತದೆ ಎಂದು ನಮ್ಮ ಹೆಂಗಸರು ನಂಬಿದ್ದರು. ಎಲ್ಲಿಗೆ ಹೊರಟಿರಿ ಎಂದು ಯಾರಾದರೂ ಕೇಳಿದರೆ, "ಇಲ್ಲೇ, ಕಾಲು ತೊಳ್ಕಂಡು ಬರ್ತೆ" ಎನ್ನುವರು. ಬುಟ್ಟಿ ಹೊತ್ತು ಕಾಲು ತೊಳೆಯಲು ಹೋಗುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾನು ಐದನೇ ಇಯತ್ತೆಯಲ್ಲಿದ್ದ ವರ್ಷ, ಮಳೆ ನಿಂತು ಬಿಸಿಲು ಬಿದ್ದ ದಿನಗಳಲ್ಲಿ, ಊರಿನ ಯೋಜನೆಯನ್ನು ಊರಿನವರೇ ಮಾಡಬೇಕು ಎಂದು ಹೇಳಿಕೊಂಡು ಪಂಚಾಯ್ತಿಯ ಕಡೆಯಿಂದ ಒಬ್ಬರು ಮೇಡಂ ಬಂದರು. ಶಾಲೆಯ ಅಂಗಳಕ್ಕೆ ಸಗಣಿ ಸಾರಿಸಿ, ಅದರ ಮೇಲೆ ರಂಗೋಲಿ ಹುಡಿಯಲ್ಲಿ ಇಡೀ ಊರಿನ ನಕ್ಷೆ ಬಿಡಿಸುವುದು ಅವರ ಕ್ರಮ. ನನ್ನ ಕೈ ರಂಗೋಲಿಗೆ ಚುರುಕು. ನಮಗೆ ಪಾಠ ಹೇಳುತ್ತಿದ್ದ ಅಕ್ಕೋರು ನನ್ನನ್ನು ಮುಂದೆ ತಳ್ಳಿದರು. ಮನೆಗೆ ಹಳದಿ, ಗದ್ದೆಗೆ ಹಸಿರು, ಹೊಳೆಗೆ ನೀಲಿ. ಸುತ್ತ ನಿಂತವರೆಲ್ಲ ಅಪ್ಪಣೆ ಕೊಡುವವರೇ. "ನನ್ನ ಮನೆ ಅಷ್ಟು ಸಣ್ಣದಾ ತಂಗಿ? ಇನ್ನೊಂದು ಚಿಟಿಕೆ ಹಾಕು" ಎಂದು ನೆರೆಮನೆಯ ಮಾವ ಕಿರುಚಿದ್ದು, ಎಲ್ಲರೂ ನಕ್ಕಿದ್ದು, ಚಹಾದ ಜೊತೆ ಒಗ್ಗರಣೆ ಅವಲಕ್ಕಿ ಹಂಚಿದ್ದು ನೆನಪಿದೆ. ಊರನ್ನೇ ನಾನು ಹುಟ್ಟಿಸುತ್ತಿದ್ದೇನೆಂಬ ಜಂಬ ನನಗೆ.

ಅಂಗಳದಿಂದ ಹೊಳೆ ಕಾಣುತ್ತಿತ್ತು. ಆ ಹೊತ್ತಿಗೆ ತುಂಬು ಭರತ. ದಿಬ್ಬ ನೀರಿನಡಿ ಇತ್ತು.

ದಡದ ಬುಡದಲ್ಲಿ ಖಾಲಿ ಬಿಟ್ಟಿದ್ದ ಜಾಗಕ್ಕೆ ಮೇಡಂ ಬೆರಳು ತೋರಿಸಿ, ಹಿಂದೆ ನಿಂತಿದ್ದ ಹೆಂಗಸರನ್ನು ಕೇಳಿದರು. "ಇಲ್ಲೇನಿದೆ? ನೀವು ಇದನ್ನ ಯಾವುದಕ್ಕಾದ್ರೂ ಬಳಸ್ತೀರಾ?"

ಒಬ್ಬಳು ಸೆರಗು ಸರಿಮಾಡಿಕೊಂಡಳು, ಇನ್ನೊಬ್ಬಳು ಕಾಲ್ಬೆರಳಿಂದ ನೆಲ ಕೆರೆದಳು. ಮೇಡಂ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು, "ನೀನು ಹೇಳು ಪುಟ್ಟಾ" ಎಂದರು. ನನ್ನ ಬೆನ್ನ ಹಿಂದೆ ಅಜ್ಜಿ ಕೆಮ್ಮಿದಳು. ಅದು ಎಂಥ ಕೆಮ್ಮೆಂದು ನನಗೆ ಗೊತ್ತಿತ್ತು.

"ಎಂತದೂ ಇಲ್ಲ. ಬರೀ ನೀರು" ಎಂದೆ.

ಹಾಗೆಂದು ಸುಮ್ಮನಾಗಲಿಲ್ಲ. ಒಂದು ಮುಷ್ಟಿ ನೀಲಿ ಹುಡಿ ತೆಗೆದು, ಅಂಚು ಕದಡದಂತೆ, ಎಲ್ಲೂ ನೆಲ ಕಾಣದಂತೆ ಆ ಜಾಗವನ್ನು ತುಂಬಿದೆ. ಮೇಡಂ ಚಪ್ಪಾಳೆ ತಟ್ಟಿಸಿದರು. ಆಮೇಲೆ ಅದನ್ನು ಕಾಗದಕ್ಕಿಳಿಸಿ, ಎಲ್ಲರ ಸಹಿ, ಹೆಬ್ಬೆಟ್ಟು ತೆಗೆದುಕೊಂಡರು. ಆ ಸಂಜೆ ಅಜ್ಜಿ ನನ್ನ ತಟ್ಟೆಗೆ ಎರಡು ಸೌಟು ಸುಕ್ಕ ಜಾಸ್ತಿ ಹಾಕಿ, "ಜಾಣೆ ನನ್ನ ಮಗು" ಎಂದು ತಲೆ ಸವರಿದಳು. ಅಷ್ಟು ರುಚಿಯಾದ ಸುಕ್ಕ ಅದಕ್ಕೆ ಮುಂಚೆ ತಿಂದಿರಲಿಲ್ಲ. ಆ ರುಚಿ ನನ್ನ ಬಾಯಿಂದ ಇವತ್ತಿಗೂ ಹೋಗಿಲ್ಲ, ಹೋಗಲಿ ಎಂದು ಎಷ್ಟೋ ಸಲ ಬೇಡಿಕೊಂಡಿದ್ದೇನೆ.

ಎರಡು ಮಳೆಗಾಲ ಕಳೆದ ಮೇಲೆ ಲಾರಿಗಳು ಬಂದವು. ದೋಣಿ ವಿಹಾರಕ್ಕೆ ಬರುವವರು ಹತ್ತಿಳಿಯಲು ಧಕ್ಕೆ, ಅದರ ಪಕ್ಕ ವಾಹನ ನಿಲ್ಲಿಸುವ ಬಯಲು. ದಡದಿಂದ ಹೊಳೆಗೆ, ನಮ್ಮ ದಿಬ್ಬದ ಮೇಲೇ, ಕೆಂಪು ಮಣ್ಣು ಸುರಿಯತೊಡಗಿದರು. ಹೆಂಗಸರು ಬುಟ್ಟಿ ಹಿಡಿದೇ ಪಂಚಾಯ್ತಿಗೆ ಓಡಿದರು. ನಾನೂ ಅಜ್ಜಿಯ ಸೆರಗು ಹಿಡಿದು ಹೋದೆ. ಅಲ್ಲಿದ್ದವರು ಸಿಟ್ಟು ಮಾಡಲಿಲ್ಲ, ಗದರಲಿಲ್ಲ. ಒಂದು ಕಾಗದ ಬಿಡಿಸಿ ಮೇಜಿನ ಮೇಲಿಟ್ಟರು. ನನ್ನ ನಕ್ಷೆ. ನನ್ನ ನೀಲಿ. ಅದರ ಮೇಲೆ 'ಉಪಯೋಗದಲ್ಲಿಲ್ಲದ ಜಾಗ' ಎಂದು ಬರೆದಿತ್ತು.

"ಇದು ನಿಮ್ಮೂರಿನವರೇ ಮಾಡಿದ್ದಲ್ವಾ? ಹೆಬ್ಬೆಟ್ಟು ಯಾರದು ನೋಡಿ."

ಅಜ್ಜಿ ತನ್ನ ಹೆಬ್ಬೆಟ್ಟನ್ನು ನೋಡಿದಳು. ನನ್ನ ಕಡೆ ತಿರುಗುತ್ತಾಳೆಂದು ನಾನು ಕಾದೆ, ಒಂದು ಪೆಟ್ಟು ಬಿದ್ದರೂ ಸಾಕಿತ್ತು. ತಿರುಗಲಿಲ್ಲ. ಸಾಯುವವರೆಗೂ ಆ ಮಾತು ಎತ್ತಲಿಲ್ಲ.

ಧಕ್ಕೆಯ ಗೋಡೆ ಎದ್ದ ಮೇಲೂ ಅಜ್ಜಿ ಇಳಿತದ ಹೊತ್ತಿಗೆ ತಪ್ಪದೆ ಏಳುತ್ತಿದ್ದಳು. ಬುಟ್ಟಿ ಹಿಡಿದು ಹೋಗಿ ಗೋಡೆಯ ಮೇಲೆ ಕೂರುವಳು. ನೀರು ಏರಿದ ಮೇಲೆ ಖಾಲಿ ಬುಟ್ಟಿಯೊಂದಿಗೆ ಮನೆಗೆ ಬರುವಳು. ಒಂದು ಮಧ್ಯಾಹ್ನ ಕರೆಯಲು ಹೋದವಳು ನಾನು. ಆಗ ಆಕೆ ಇದ್ದಕ್ಕಿದ್ದಂತೆ, ಅಲ್ಲಿ ಚಹಾ ಕುಡಿಯುತ್ತಿದ್ದ ಪ್ರವಾಸಿಗರಿಗೂ ಕೇಳುವಷ್ಟು ಜೋರಾಗಿ ದಿಬ್ಬದ ಹೆಸರು ಹೇಳಿದಳು.

"ಬೊಮ್ಮಕ್ಕನ ದಿಬ್ಬ!"

ನಾನು ಹೆದರಿ ಅವಳ ಬಾಯಿಗೆ ಕೈ ಅಡ್ಡ ಹಿಡಿದೆ. "ಅಜ್ಜೀ, ಹೇಳುಕಾಗ!"

ಅವಳು ನನ್ನ ಕೈ ಮೆಲ್ಲಗೆ ಸರಿಸಿದಳು. "ಈಗ ಹೇಳ್ಲಕ್ಕು ಮಗಾ. ಬಿಟ್ಟು ಹೋಗೂಕೆ ಇನ್ನೆಂತ ಉಂಟು ಅಲ್ಲಿ?"

ಅದೇ ಶಾಲೆಯಲ್ಲಿ ಈಗ ನಾನೇ ಅಕ್ಕೋರು. ಮಕ್ಕಳಿಗೆ ಇಳಿತ ಯಾವಾಗ, ಭರತ ಯಾವಾಗ ಎಂದು ಗೊತ್ತಿಲ್ಲ, ಗೊತ್ತಿದ್ದು ಆಗಬೇಕಾದ್ದೂ ಇಲ್ಲ. ಹೊಳೆಗಿಳಿಯುತ್ತಿದ್ದ ಹೆಂಗಸರಲ್ಲಿ ಕೆಲವರು ಮುರ್ಡೇಶ್ವರದ ಹೋಟೆಲುಗಳಲ್ಲಿ ಪಾತ್ರೆ ತೊಳೆಯುತ್ತಾರೆ. ಅಂಗಳದಲ್ಲಿ ಹುಡುಗಿಯರು ರಂಗೋಲಿ ಹಾಕುವಾಗ ನೀಲಿ ಹುಡಿ ಕಂಡರೆ ನಾನು ಒಳಗೆ ಹೋಗಿ ಕೂರುತ್ತೇನೆ.

ಮೊನ್ನೆ ಶಾಲೆಯಲ್ಲೇ ಗ್ರಾಮಸಭೆ. ಕೈಯಲ್ಲಿ ಟ್ಯಾಬ್ ಹಿಡಿದ ಎಳೆಯ ಅಧಿಕಾರಿ ಊರಿನ ಜಾಗಗಳ ಪಟ್ಟಿ ಓದಿ, ಯಾವುದಾದರೂ ಬಿಟ್ಟು ಹೋಗಿದೆಯಾ ಎಂದು ಕೇಳಿದ. ಒಳ್ಳೆಯ ಹುಡುಗ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ. ನನ್ನ ಬೆನ್ನ ಹಿಂದೆ ಯಾರೋ ಕೆಮ್ಮಿದಂತಾಯಿತು. ನಾನು ಎದ್ದು ನಿಂತೆ.

"ಬೊಮ್ಮಕ್ಕನ ದಿಬ್ಬ ಅಂತ ಬರ್ಕೊಳಿ."

ಅವನು ಪಟ್ಟಿಯನ್ನು ಮೇಲೆ ಕೆಳಗೆ ಸರಿಸಿ ನೋಡಿದ. "ಅದು ಎಲ್ಲಿ ಬರ್ತದೆ ಅಕ್ಕೋರೇ?"

"ನೀವು ಕಾರು ನಿಲ್ಸಿದ್ರಲ್ಲ, ಅದ್ರ ಅಡಿಗೆ."

ನಾನು ತಮಾಷೆ ಮಾಡಿದೆನೆಂದುಕೊಂಡು ಅವನು ನಕ್ಕ. ಹಿಂದಿನ ಸಾಲಲ್ಲಿ ಕೂತಿದ್ದ ಮುದುಕಿಯರು ನಗಲಿಲ್ಲ.