ಅತ್ತೆ ಹೊಲಿದ ಕಿಟಕಿ ಅಂಗಿ

ನನ್ನ ಸೋದರತ್ತೆ ದರ್ಜಿ. ಅವಳ ಸ್ತನ ಕ್ಯಾನ್ಸರಿಗೆ, ರೋಗದ ಜೀವಕೋಶಗಳನ್ನೇ ಹುಡುಕಿ ಹೊಡೆಯುವ ಔಷಧಿಯನ್ನು ಮೂರು ವಾರಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುತ್ತಿದ್ದರು. ಅದರಿಂದ ಹೃದಯ ದುರ್ಬಲವಾಯಿತೆಂದು ಎರಡು ತಿಂಗಳು ನಿಲ್ಲಿಸಿದ್ದರು. ಈ ಸಲದ ಸ್ಕ್ಯಾನಿನಲ್ಲಿ ಹೃದಯ ಚೇತರಿಸಿಕೊಂಡಿದ್ದರೆ ಮಾತ್ರ ಮತ್ತೆ ಔಷಧಿ.

ಧೈರ್ಯ ಹೇಳಲೆಂದು ರಜೆ ಹಾಕಿ ಅವಳ ಜೊತೆ ಆಸ್ಪತ್ರೆಗೆ ಹೋದವನು ನಾನು. ಪಾರ್ಸೆಲ್ ಆಫೀಸಿನಲ್ಲಿ ದಿನಕ್ಕೆ ನೂರು ಮೂಟೆ ಎತ್ತುವ ನನ್ನ ಕೈಯಿಂದ ಅವಳ ಫೈಲು ಮತ್ತೆ ಮತ್ತೆ ಜಾರಿ ಬೀಳುತ್ತಿತ್ತು.

"ಇಲ್ಲಿ ಕೊಡಪ್ಪ, ಧೀರ. ಪರೀಕ್ಷೆ ಮಾಡಿದ್ದು ನನ್ನ ಹೃದಯಾನ, ನಿಂದಲ್ಲ," ಎಂದಳು ಅತ್ತೆ.

ಡಾಕ್ಟರು ವರದಿಯನ್ನು ಎರಡು ಸಲ ಓದಿ, "ಹೃದಯ ಮೊದಲಿನ ಹಾಗೇ ಆಗಿದೆ, ಅಮ್ಮ. ಇವತ್ತೇ ಶುರು ಮಾಡೋಣ," ಎಂದರು. ಕಣ್ಣೊರೆಸಿಕೊಂಡವನು ನಾನೇ.

ಡ್ರಿಪ್ ಕೋಣೆಯಲ್ಲಿ ಅಂಗಿ ಬಿಚ್ಚಿಸಲೆಂದು ನರ್ಸ್ ಪರದೆ ಎಳೆಯಹೋದಳು. ಅತ್ತೆ ಬೇಡವೆಂದು, ಹೆಗಲಿನಿಂದ ನಾಲ್ಕು ಬೆರಳು ಕೆಳಗೆ ಅಂಗಿಗೆ ಇಟ್ಟಿದ್ದ ಪುಟ್ಟ ಕಿಟಕಿಯ ಗುಂಡಿ ಬಿಚ್ಚಿದಳು. ಡ್ರಿಪ್‌ಗೆಂದು ಅವಳ ಎದೆಯ ಚರ್ಮದಡಿ ಕೂರಿಸಿದ್ದ ಪೋರ್ಟ್, ಅಂದರೆ ಸೂಜಿ ಚುಚ್ಚುವ ಜಾಗ, ಸರಿಯಾಗಿ ಅಲ್ಲೇ ಇತ್ತು.

"ಇದನ್ನ ಯಾವಾಗ ಹೊಲಿದ್ರಿ?" ಎಂದಳು ನರ್ಸ್.

"ನಿನ್ನೆ."

"ರಿಪೋರ್ಟ್ ಬರೋಕೆ ಮುಂಚೇನೇ?"

"ಮತ್ತಿನ್ನೇನು? ಗಿರಾಕಿ ಬಂದು ನಿಂತ ಮೇಲೆ ಸೂಜಿಗೆ ದಾರ ಹಾಕ್ತಾರಾ?"

ಔಷಧಿ ಹನಿಹನಿಯಾಗಿ ಇಳಿಯತೊಡಗಿತು. ಪಕ್ಕದ ಕುರ್ಚಿಯ ಹೆಂಗಸು ತನಗೂ ಅಂಥದ್ದೇ ಬೇಕೆಂದಳು. ಅತ್ತೆ ಚೀಲದಿಂದ ದರ್ಜಿಯ ಟೇಪು ತೆಗೆದು, ಅದರ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಕೂತಲ್ಲಿಂದಲೇ ಅವಳ ಅಳತೆ ತೆಗೆದಳು.