ಹಸಿ ಕಟ್ಟಿಗೆಯ ಕಣ್ಣೀರು

ಗೋಕಾಕದಲ್ಲಿ ನಾವು ಕೆಲವು ಮುದುಕರು ಸಂಜೆ ಕೇರಂ ಆಡುತ್ತೇವೆ. ಬೋರ್ಡಿನ ಮೇಲೆ ಪೌಡರ್ ಉದುರಿಸಿದರೆ ಉಳಿದವರಿಗೆ ಕಾಯಿ ಕಾಣುತ್ತದೆ, ನನಗೆ ಮೂಡಲಗಿ ರಸ್ತೆಯ ಜೋಪಡಿಗಳು. ಗುರಿ ತಪ್ಪುತ್ತದೆ. ಗುರಿ ಮೊದಲೂ ಇರಲಿಲ್ಲ ಎನ್ನುತ್ತಾರೆ ಗೆಳೆಯರು. ನೀವು ನಂಬಬೇಡಿ.

ನನ್ನದೊಂದು ಫೋಟೋ ಸ್ಟುಡಿಯೋ ಇತ್ತು. ಕನ್ನಡಿ, ಹಣಿಗೆ, ಪೌಡರ್ ಡಬ್ಬಿ, ಒಂದು ಕೋಟು ಗಿರಾಕಿಗಳಿಗೆಂದೇ ಮೀಸಲು. ಆ ಒಂದೇ ಕೋಟು ತೊಟ್ಟು ತಾಲೂಕಿನ ಎಷ್ಟು ಗಂಡುಗಳು ಹೆಣ್ಣು ಗೆದ್ದರೋ ಆ ಕೋಟಿಗೇ ಗೊತ್ತು. ಹಿಂದೆ ಬಣ್ಣದ ಪರದೆ: ಅರಮನೆಯ ಮೆಟ್ಟಿಲು, ಕೊಳ, ಹಂಸ. ಹಂಸ ಬಾತುಕೋಳಿಯಂತಿತ್ತು. ಯಾರೂ ತಕರಾರು ಮಾಡಲಿಲ್ಲ.

ಮೊಬೈಲು ಬಂದು ಸ್ಟುಡಿಯೋ ಖಾಲಿಯಾಯಿತು, ನನಗೆ ಕಲೆಯ ಹುಚ್ಚು ಹಿಡಿಯಿತು. ಗಿರಾಕಿಯಿಲ್ಲದ ಅಂಗಡಿಕಾರರಿಗೆ ಬರುವ ರೋಗವದು. ಹುಕ್ಕೇರಿಯಲ್ಲಿ ಫೋಟೋ ಸ್ಪರ್ಧೆಯೆಂದು ಕೇಳಿ ಆ ಜೋಪಡಿಗಳಿಗೆ ಹೋದೆ. ಎಲ್ಲಿಯೂ ಮನೆಯಿಲ್ಲದ, ಕಸಬರಿಗೆ ಮಾರುತ್ತ ಊರೂರು ತಿರುಗುವ ಮಂದಿ. ಹಿರಿಯಳು ತಂಗೆವ್ವ. ಅವಳ ಮೊಮ್ಮಗಳು ಸುಂದ್ರಿಗೆ ಗಂಡು ಗೊತ್ತಾಗಿತ್ತು. ಫೋಟೋ ಎಂದೊಡನೆ ಮುದುಕಿ ಹುರುಪಾದಳು.

"ತಡೀರಿ ಸಾವಕಾರ್ರ, ಹುಡುಗಿ ಮಾರಿ ತೊಳಕೊಂಡು ಪೌಡರ ಹಚ್ಚಿಕೊಳ್ಳಲಿ."

"ಬ್ಯಾಡವಾ. ಇದ್ದಂಗ ಇದ್ರನ ಖರೆ ಕಾಣತೈತಿ."

"ನಿಮ್ಮ ಅಂಗಡಿಗೆ ಬಂದವರಿಗೂ ಹಿಂಗ ಅಂತೀರೇನ್ರಿ?"

ನಾನು ಕ್ಯಾಮೆರಾ ಕಣ್ಣಿಗೇರಿಸಿದೆ. ಸುಂದ್ರಿ ಒಲೆ ಊದುತ್ತಿದ್ದಳು. ಕಟ್ಟಿಗೆ ಹಸಿಯದು. ಹೊಗೆಗೆ ಕಣ್ಣೀರು ಕೆನ್ನೆಗಿಳಿಯುವವರೆಗೆ ಕಾದು ಗುಂಡಿ ಒತ್ತಿದೆ. ಕೆಳಗೆ 'ಬಾಳಿನ ಕಣ್ಣೀರು' ಎಂದು ಬರೆದೆ. ಬಹುಮಾನ ಬಂತು, ಶಾಲು ಹೊದಿಸಿದರು. ಬಡವರ ನೋವಿನ ಬಗ್ಗೆ ಭಾಷಣ ಮಾಡಿದೆ. ಕಟ್ಟಿಗೆಯ ಬಗ್ಗೆ ಮಾತ್ರ ಬಾಯಿ ಬಿಡಲಿಲ್ಲ.

ಸಂತೆಯ ದಿನವೂ ಆ ಫೋಟೋ ಹುಕ್ಕೇರಿಯ ಪ್ರದರ್ಶನದಲ್ಲಿ ತೂಗುತ್ತಿತ್ತು. ಗಂಡಿನ ಕಡೆಯವರ ಡೇರೆ ಅಲ್ಲೇ ಊರ ಹೊರಗೆ. ನೋಡಿದರು, ಕೆಳಗಿನ ಬರಹ ಓದಿಸಿ ಕೇಳಿದರು, ಹುಡುಗಿಗೆ ಮನಸ್ಸಿಲ್ಲವೆಂದು ಮಾತು ಮುರಿದರು. ಅಳುವ ಹೆಣ್ಣನ್ನು ಒಯ್ಯುವ ಪದ್ಧತಿ ಅವರಲ್ಲಿಲ್ಲವಂತೆ. ತಂಗೆವ್ವ ನನ್ನ ಅಂಗಡಿಯ ಮೆಟ್ಟಿಲಿಗೆ ಬಂದು ಕುಳಿತಳು. ಬೈಯಲಿಲ್ಲ. ಹುಕ್ಕೇರಿ ಬಸ್ಸಿಗೆ ಹೊರಡಿ ಎಂದಳು, ಅಷ್ಟೆ.

ಡೇರೆಗಳ ನಡುವೆ ಪಂಚರು ಕುಳಿತಿದ್ದರು. ಮರ್ಯಾದೆಗೆ ಇರಲೆಂದು ನಾನು ಶಾಲು ಹೊದ್ದು ಹೋಗಿದ್ದೆ.

"ಹುಡುಗಿ ಯಾಕ ಅಳಾಕತ್ತಾಳ್ರಿ?" ಎಂದ ಹಿರಿಯ ಪಂಚ.

"ಅತ್ತಿಲ್ರಿ. ಹಸಿ ಕಟಗಿ, ಹೊಗಿ ಹೋಗಿತ್ತು ಕಣ್ಣಾಗ."

"ಮತ್ತ ಬಾಳಿನ ಕಣ್ಣೀರು ಅಂತ ಬರದವರ್ಯಾರು? ಕಟಗಿ ಬರೀತೇನು?"

ಶಾಲು ಮಡಚಿ ಕಂಕುಳಲ್ಲಿಟ್ಟುಕೊಂಡೆ. "ನಾನ್ರಿ," ಎಂದೆ.

ದಂಡ ಹಾಕಿದರು: ಎರಡೂ ಕಡೆಯ ಎಲ್ಲರ ಫೋಟೋ, ಪರದೆ, ಕೋಟು ಸಮೇತ, ಪೌಡರ್ ನಾನೇ ತರಬೇಕು. ಮರುದಿನ ಜಾಲಿ ಗಿಡಗಳಿಗೆ ಅರಮನೆ ಕಟ್ಟಿದೆ. ಕೋಟಿಗೆ ಮೊದಲು ಕೈ ಚಾಚಿದವನು ಆ ಹಿರಿಯ ಪಂಚನೇ. ಸುಂದ್ರಿಯೋ, ನನ್ನ ಹಂಸ ನೋಡಿ ನಗತೊಡಗಿದವಳು ನಿಲ್ಲಿಸಲೇ ಇಲ್ಲ. ಇಷ್ಟು ನಗುವವಳು ಸಂಸಾರ ಮಾಡಿಯಾಳೇ ಎಂದು ಗಂಡಿನ ತಾಯಿಗೆ ಹೊಸ ಚಿಂತೆ. ಆದರೂ ವೀಳ್ಯ ಹಂಚಿದರು.

ಮನೆಯಿದ್ದವರಿಗೆಲ್ಲ ಅರಮನೆ ಕಡ ಕೊಟ್ಟವನು ನಾನು. ಮನೆಯಿಲ್ಲದವರ ಮುಂದೆ ಮಾತ್ರ ಖರೆತನದ ಹೆಸರು ಹೇಳಿ ಒಂದು ಚಿಟಿಕೆ ಪೌಡರಿಗೂ ಜಿಪುಣನಾದೆ. ಆ ಶಾಲನ್ನು ಈಗಲೂ ಹೊದೆಯಲಾರೆ. ಅದಕ್ಕೆ ಹೊಗೆ ವಾಸನೆ ಹತ್ತಿದೆ ಎಂದು ನನ್ನ ಭ್ರಮೆ.

ಇಂದು ಆಟದ ನಡುವೆ ತಂಗೆವ್ವನಿಂದ ಕರೆ ಬಂತು. ಮತ್ತೆ ಮೂಡಲಗಿ ರಸ್ತೆಗೆ ಬಂದಿದ್ದಾರೆ. ಸುಂದ್ರಿಯ ಕೂಸಿನ ಫೋಟೋ ಆಗಬೇಕಂತೆ, ಬಾತುಕೋಳಿ ಬಿಟ್ಟು ಬರಬಾರದಂತೆ. ಎದ್ದೆ. ಪೌಡರ್ ಡಬ್ಬಿ ಜೇಬಿಗಿಳಿಸಿದೆ.

"ಲೇ, ಡಬ್ಬಿ ಇಡೋ, ಕಾಯಿ ಓಡೂದಿಲ್ಲ," ಎಂದು ಗೆಳೆಯರು ಕೂಗಿಕೊಂಡರು.

"ಇದ್ದಂಗ ಆಡ್ರಿ," ಎಂದೆ ಬಾಗಿಲಲ್ಲಿ ನಿಂತು. "ಖರೆ ಕಾಣತೈತಿ."