ಗಾಜಿನ ಬಾಗಿಲ ಹೊರಗಿನ ಗಣಿತ

ಕಾರ್ಕಳದ ಸ್ವರ್ಣಲತಾ ಟೀಚರ್ ಎಂದರೆ ಗಲ್ಫಿನ ರೂವಿಯಲ್ಲಿ ಮಕ್ಕಳಿಗೆ ಸಿಂಹಸ್ವಪ್ನ, ತಾಯಂದಿರಿಗೆ ದೇವರು. ಒಂಬತ್ತು, ಹತ್ತನೇ ತರಗತಿಯ ಗಣಿತಕ್ಕೆ ಅವರ ಫ್ಲ್ಯಾಟಿನ ಹಾಲ್ ಸಂಜೆ ತುಂಬಿ ತುಳುಕುತ್ತಿತ್ತು. ಇನ್ನೊಬ್ಬಳು ಬಾಲ್ಕನಿಯಲ್ಲಿ ಕೂರುತ್ತಿದ್ದಳು: ಇಸ್ತ್ರಿ ಅಂಗಡಿಯ ಲತೇಶನ ಮಗಳು ಅಕ್ಷಿತಾ. ಅವಳಿಗೆ ಫೀಸಿಲ್ಲ. "ಪಾಪದ ಹುಡುಗಿ, ಇರಲಿ ಬಿಡಿ" ಎಂದು ಟೀಚರೇ ಕರೆದು ಸೇರಿಸಿಕೊಂಡಿದ್ದರು. ಫೀಸು ಕೊಟ್ಟವರ ಸಾಲಿನಲ್ಲಿ ಕೂರಿಸಿದರೆ ಮಾತು ಬರುತ್ತದೆಂದು ಗಾಜಿನ ಬಾಗಿಲಾಚೆ ಒಂದು ಕುರ್ಚಿ ಹಾಕಿದ್ದರು. ಏಸಿಯ ತಂಪು ಹೊರಗೆ ಹೋಗಬಾರದಲ್ಲ, ಬಾಗಿಲು ಸದಾ ಮುಚ್ಚಿರುತ್ತಿತ್ತು.

ಪ್ರಿಬೋರ್ಡ್ ಪರೀಕ್ಷೆಯಲ್ಲಿ ಅಕ್ಷಿತಾ ಗಣಿತದಲ್ಲಿ ಬಿದ್ದಳು. ಇನ್ನೊಮ್ಮೆ ಬಿದ್ದರೆ ಓದು ಬಿಡಿಸಿ ಊರಿಗೆ ಕಳಿಸುವುದೇ ಎಂದು ಲತೇಶ ಹೇಳಿಬಿಟ್ಟ. "ನಾನೇನು ಕಡಿಮೆ ಮಾಡಿದ್ದೇನೆ? ತಲೆಗೆ ಹತ್ತುವುದಿಲ್ಲ ಅದಕ್ಕೆ" ಎಂದು ಟೀಚರ್ ನಿಟ್ಟುಸಿರು ಬಿಟ್ಟರು.

ಆ ವಾರವೇ ಒಂದು ಸಂಜೆ ಪಾಠ ಮುಗಿಯುವ ಹೊತ್ತಿಗೆ ಮೇಲಿನ ಮಹಡಿಯ ವಿಕ್ಟೋರಿಯಾ ನೀರುದೋಸೆ ತಿನ್ನಲು ಬಂದಳು. ಅಮೆರಿಕದ ಕಪ್ಪು ಹೆಣ್ಣುಮಗಳು, ಇಲ್ಲಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುವವಳು. ದೋಸೆ ಬಾಯಿಗಿಡುವ ಮೊದಲೇ ಅವಳ ಕಣ್ಣು ಬಾಲ್ಕನಿಗೆ ಹೋಯಿತು.

"ಆ ಹುಡುಗಿ ಯಾಕೆ ಹೊರಗಿದ್ದಾಳೆ?"

"ಅವಳಿಗೆ ಬಿಟ್ಟಿ ಪಾಠ" ಎಂದರು ಟೀಚರ್, ತುಸು ಹೆಮ್ಮೆಯಿಂದಲೇ.

ವಿಕ್ಟೋರಿಯಾ ತಟ್ಟೆ ಕೆಳಗಿಟ್ಟಳು. "ನನ್ನಮ್ಮನದೂ ಬಿಟ್ಟಿ ಪಾಠವೇ. ಮಿಸಿಸಿಪ್ಪಿಯಲ್ಲಿ ಕಪ್ಪು ಮಕ್ಕಳನ್ನೂ ಸೇರಿಸಬೇಕೆಂದು ಕೋರ್ಟು ಹೇಳಿದ್ದಕ್ಕೆ ಅವಳನ್ನು ಬಿಳಿಯರ ಶಾಲೆಗೆ ಸೇರಿಸಿಕೊಂಡರು. ಆದರೆ ಅವಳ ಡೆಸ್ಕನ್ನು ಕಾರಿಡಾರಿನಲ್ಲಿ ಹಾಕಿದರು. ಮುಚ್ಚಿದ ಬಾಗಿಲಿಗೆ ಕಿವಿಯಿಟ್ಟು ಕಲಿತಳು. ಮುಂದೆ ಅದೇ ಶಾಲೆಯಲ್ಲಿ ಟೀಚರಾದಳು."

"ಅಬ್ಬಾ! ಅದೇ ಶಾಲೆಯಲ್ಲಾ?"

"ಹೌದು. ಅಷ್ಟರಲ್ಲಿ ಬಿಳಿಯರು ಮಕ್ಕಳನ್ನು ಕರೆದುಕೊಂಡು ಬೇರೆ ಊರಿಗೆ ಹೋಗಿದ್ದರು. ನಮ್ಮಲ್ಲಿ ಶಾಲೆಗೆ ದುಡ್ಡು ಬಹುಪಾಲು ಊರಿನ ಮನೆ ತೆರಿಗೆಯಿಂದ ಬರಬೇಕು. ಹಣವಂತರು ಹೋದರು, ಹಣವೂ ಹೋಯಿತು. ಇವತ್ತಿಗೂ ಆ ಶಾಲೆಯ ಸೂರು ಸೋರುತ್ತದೆ. ಈಗ ಯಾರೂ ಯಾರನ್ನೂ ಹೊರಗೆ ಕೂರಿಸಬೇಕಿಲ್ಲ, ಇಡೀ ಶಾಲೆಯೇ ಹೊರಗಿದೆ."

ಟೀಚರಿಗೆ ಸಿಟ್ಟು ನೆತ್ತಿಗೇರಿತು. ಉಪಕಾರ ಮಾಡಿದ ತನಗೇ ಈ ಮಾತೇ? ಆದರೂ ಮರುದಿನ ಮಕ್ಕಳು ಲೆಕ್ಕ ಮಾಡುತ್ತಿರುವಾಗ ಬಾಲ್ಕನಿಗೆ ಹೋಗಿ, ಬಾಗಿಲೆಳೆದು ಮುಚ್ಚಿ, ಅಕ್ಷಿತಾಳನ್ನು ಎಬ್ಬಿಸಿ ಅವಳ ಕುರ್ಚಿಯಲ್ಲಿ ಕೂತರು.

ದೇವರೇ! ಏಸಿಯ ಹೊರಗಿನ ಯಂತ್ರ ಮೊಣಕೈ ಪಕ್ಕದಲ್ಲೇ ಮೊರೆಯುತ್ತಿತ್ತು. ಒಳಗಿನವರ ಸೆಕೆಯೆಲ್ಲ ಇಲ್ಲಿ ಮುಖಕ್ಕೆ ರಾಚುತ್ತಿತ್ತು. ಹಾಲಿನಲ್ಲಿ ಮಕ್ಕಳ ಬಾಯಿ ಆಡುವುದು ಕಾಣುತ್ತಿತ್ತು, ಒಂದಕ್ಷರ ಕೇಳಿಸುತ್ತಿರಲಿಲ್ಲ.

"ನಿನಗೆ ನನ್ನ ಪಾಠ ಕೇಳ್ತದಾ ಮಗಾ?"

"ಇಲ್ಲ ಟೀಚರ್. ಬೋರ್ಡಲ್ಲಿ ನೀವು ಬರೆಯುವುದು ಕಾಣ್ತದಲ್ಲ. ಯಾಕೆ ಹಾಗೆ ಬರೆದ್ರಿ ಅಂತ ಮನೆಯಲ್ಲಿ ಯೋಚನೆ ಮಾಡ್ತೇನೆ."

ಟೀಚರ್ ಬೆಕ್ಕಸ ಬೆರಗಾದರು. ಬಿದ್ದಳು ಎಂದು ತಾನು ಮರುಗಿದ ಹುಡುಗಿ, ಪಾಠ ಕಿವಿಗೇ ಬೀಳದೆ ಅಷ್ಟು ದೂರ ಬಂದಿದ್ದಳು! ಇಷ್ಟು ವರ್ಷ ಕಲಿಸಿದ ತನಗೆ ಇಂಥ ಕಲಿಕೆ ಕಂಡೇ ಇರಲಿಲ್ಲ. ಅವಳಿಗೆ ಕೈ ಮುಗಿಯಬೇಕು ಅನ್ನಿಸಿತು.

ಅಂದೇ ಕುರ್ಚಿ ಒಳಗೆ ಬಂತು, ಅದೂ ಮೊದಲ ಸಾಲಿಗೆ. ಪಾಠಕ್ಕೆ ಬರುತ್ತಿದ್ದ ಮೈಸೂರಿನ ತೇಜಸ್ವಿಯ ತಾಯಿ ಫೋನು ಮಾಡಿಯೇಬಿಟ್ಟರು. "ನೋಡಿ ಮೇಡಂ, ನಾವು ಫೀಸ್ ಕಟ್ತೀವಿ. ಯಾರ್ಯಾರನ್ನೋ ಪಕ್ಕದಲ್ಲಿ ಕೂರಿಸಿದ್ರೆ ನಾವು ಬೇರೆ ಕಡೆ ನೋಡ್ಕೋಬೇಕಾಗುತ್ತೆ."

"ನೋಡಿಕೊಳ್ಳಿಯಮ್ಮ. ಖಲಾಸ್."

ಮೂವರು ಬಿಟ್ಟುಹೋದರು. ಟೀಚರ್ ಉಳಿದವರಿಗೆ ಬೋರ್ಡಿನಲ್ಲಿ ವೃತ್ತ ಬರೆದು, ಸ್ಪರ್ಶಕದ ಪ್ರಮೇಯವನ್ನು ಎಂದಿನ ವೇಗದಲ್ಲಿ ಮುಗಿಸಿ, "ಅರ್ಥ ಆಯ್ತಾ?" ಎಂದರು. ಎಲ್ಲರೂ ತಲೆಯಾಡಿಸಿದರು. ಅಕ್ಷಿತಾ ಅಳುಕುತ್ತ ಕೈಯೆತ್ತಿದಳು.

"ಟೀಚರ್, ಇನ್ನೊಮ್ಮೆ ಹೇಳ್ತೀರಾ?"

ಎರಡು ವರ್ಷದಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ ಅದು. ಸ್ವರ್ಣಲತಾ ಟೀಚರ್ ಬೋರ್ಡಿನತ್ತ ತಿರುಗಿ ಕಣ್ಣೊರೆಸಿಕೊಂಡು, ಮೊದಲಿನಿಂದ ಶುರು ಮಾಡಿದರು.